ನೀರು ಹೀರುವ ಬಾಯಿ

ಮಾರ್ಚ್ 3, ಸೋಮವಾರ

ಎದ್ದವನೇ ಹಿಂದಿನ ವರಾಂಡಕ್ಕೆ ಹೋಗಿ ಟಬ್ ನೋಡಿ ಬಂದೆ. ಹಲ್ಲು ಕೂಡ ಉಜ್ಜಿರಲಿಲ್ಲ. ನಿನ್ನೆ ತುಂಬಿಸಿದ ನೀರು ಇಳಿದಿಲ್ಲ, ಅಂದರೆ ಸೋರಿಕೆ ಇಲ್ಲ. ಕರೆಂಟು ಸೋರಿದರೆ ತಾನೇ ಕಡಿಯುವ ಬ್ರೇಕರಿನ ಟೆಸ್ಟ್ ಗುಂಡಿ ಒತ್ತಿದೆ. ಟಕ್ ಎಂದು ಬಿತ್ತು. ಎತ್ತಿದೆ, ಮತ್ತೆ ಒತ್ತಿದೆ. ಮತ್ತೆ ಬಿತ್ತು. ಆದರೂ ಸಮಾಧಾನವಿಲ್ಲ. ನೀರು, ಕರೆಂಟು, ವಯಸ್ಸಾದ ಹೆಂಗಸು— ಮೂರನ್ನೂ ಒಂದೇ ಕಡೆ ಕೂಡಿಸಿ ಅದಕ್ಕೆ ಚಿಕಿತ್ಸೆ ಎಂದು ಹೆಸರಿಟ್ಟಿದ್ದಾರೆ.

ಅತ್ತೆಯ ಮೊಣಕಾಲಿನ ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಕಾಲು ಮಡಚುತ್ತಿಲ್ಲ. "ಬಿಸಿನೀರಲ್ಲಿ ಕೂತು ಮಡಚಿಸಿ, ಸಡಿಲ ಆಗುತ್ತೆ. ಬಿಟ್ರೆ ಹೀಗೇ ಕೊರಡಾಗಿಬಿಡುತ್ತೆ" ಎಂದಳು ಫಿಸಿಯೋ ಹುಡುಗಿ. ಇವಳು, ನನ್ನ ಹೆಂಡತಿ, ಅಷ್ಟಕ್ಕೇ ಕಾಯುತ್ತಿದ್ದವಳಂತೆ, ಮುಚ್ಚಿಹೋದ ಯಾವುದೋ ಲಾಡ್ಜಿನಿಂದ ಸೆಕೆಂಡ್‌ಹ್ಯಾಂಡ್ ಹಾಟ್ ಟಬ್ ತರಿಸಿಬಿಟ್ಟಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಅತ್ತೆ ಕೋಲೂರಿಕೊಂಡು ಬಂದು ಒಳಗೆ ಇಣುಕಿದರು.

"ಇದೇನೇ, ಹಂಡೆಯೋ ಬಾವಿಯೋ? ಅಳಿಯಂದ್ರು ನನ್ನನ್ನ ಬೇಯಿಸ್ತಾರೋ ಮುಳುಗಿಸ್ತಾರೋ, ಒಂದು ತೀರ್ಮಾನ ಮಾಡಿ ಹೇಳಿಬಿಡಲಿ."

ಇವಳು ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 5, ಬುಧವಾರ

ಮೊದಲು ತುಂಬಿಸಿದ ನೀರು ಚೆಲ್ಲಿದೆ. ನೀರು ಚಿಮ್ಮಿಸುವ ಜೆಟ್ ಓಡಿಸಿದ್ದೇ ತಡ ಪೈಪಿನೊಳಗಿಂದ ಕಂದು ಲೋಳೆ ಬಂತು... ಲಾಡ್ಜಿನಲ್ಲಿ ಎಷ್ಟು ತಿಂಗಳು ನಿಂತ ನೀರೋ. ಅದರಲ್ಲಿ ಬೆಳೆಯುವ ಕ್ರಿಮಿ ಆವಿಯ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಪೈಪ್ ತೊಳೆಯುವ ದ್ರಾವಣ ಹಾಕಿ ಓಡಿಸಿದೆ, ಚೆಲ್ಲಿದೆ. ಮತ್ತೆ ತುಂಬಿಸಿದೆ, ಓಡಿಸಿದೆ, ಚೆಲ್ಲಿದೆ. ನೀರು ಸ್ವಚ್ಛವಾಗಿ ಬರುವ ತನಕ ಬಿಡಲಿಲ್ಲ.

ಆಮೇಲೆ ಕ್ಲೋರಿನ್. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಒಂದು ಡಬ್ಬಿಯ ಚಮಚ ಇನ್ನೊಂದಕ್ಕೆ ತಾಗಬಾರದು. ಹಾಕಿದ ಮೇಲೆ ಮುಚ್ಚಳ ತೆರೆದಿಟ್ಟು ಗಾಳಿಗೆ ಬಿಡಬೇಕು. ಕನ್ನಡಕ, ಗ್ಲೌಸು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ. ಔಷಧಿ ಅಂಗಡಿ ನಡೆಸುವ ಇವಳು ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ರೀ, ಬಾಂಬ್ ನಿಷ್ಕ್ರಿಯ ಮಾಡ್ತಿದ್ದೀರಾ?"

ನನ್ನ ಕೆಲಸ ಲಿಫ್ಟ್ ರಿಪೇರಿ. ಕೇಡು ಯಾವ ಸಂದಿನಿಂದ ಬರುತ್ತದೆ ಎಂದು ಹುಡುಕುವುದಕ್ಕೇ ನನಗೆ ಸಂಬಳ. ಮನೆಯಲ್ಲಿ ನನಗೆ ಅಡ್ಡಹೆಸರು ಮುನ್ನೆಚ್ಚರಿಕೆ. ಅತ್ತೆ ಇಟ್ಟದ್ದು.

ಮಾರ್ಚ್ 8, ಶನಿವಾರ

ಇಳಿದರು.

ಕ್ಲೋರಿನ್ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿದೆ, ಬಣ್ಣ ಸರಿ ಇತ್ತು. ಶಾಖ ಮೂವತ್ತೇಳು ಡಿಗ್ರಿ. ನಲವತ್ತು ಬೇಕೆಂದು ಅತ್ತೆ ಹಟ ಮಾಡಿದರು. ಕೊಡಲಿಲ್ಲ. ಬಿಪಿ ಮಾತ್ರೆ ತಿನ್ನುವವರಿಗೆ ಬಿಸಿ ಜಾಸ್ತಿಯಾದರೆ ತಲೆ ಸುತ್ತುತ್ತದೆ, ನೀರಿನಲ್ಲಿ ತಲೆ ಸುತ್ತಿದರೆ... ಬರೆಯುವುದಿಲ್ಲ. ಮೊದಲು ಮೈ ತೊಳೆಸಿ, ಕೂದಲನ್ನು ಗಂಟು ಹಾಕಿಸಿ, ಮೇಲೆ ರಬ್ಬರ್ ಟೋಪಿ.

"ಕೋಳಿಮೊಟ್ಟೆ ಥರ ಕಾಣ್ತಿದ್ದೀನಿ" ಎಂದರು.

ಉದ್ದ ತೋಳಿನ ನೈಟಿ ಬೇಡ, ಅಂಚು ಸಿಕ್ಕಿಕೊಳ್ಳುತ್ತದೆ ಎಂದೆ. ಅಳಿಯನ ಮುಂದೆ ಬೇರೆ ಏನು ಹಾಕಿಕೊಳ್ಳಲಿ ಎಂದು ಅವರು. ಕೊನೆಗೆ ನಾನು ಬೆನ್ನು ತಿರುಗಿಸಿ ಕೂರುವುದೆಂದು ರಾಜಿಯಾಯಿತು. ಇವಳು ಎದುರಿಗೆ, ನಾನು ಗೋಡೆ ನೋಡಿಕೊಂಡು ಕುರ್ಚಿಯಲ್ಲಿ. ನೋಡಲಾಗದ್ದರಿಂದ ಕಿವಿಗೊಟ್ಟೆ. ಮೋಟಾರಿನ ಸದ್ದು ಒಂದೇ ಸಮ. ಅತ್ತೆ "ಅಮ್ಮಾ" ಎಂದಾಗ ಎದ್ದು ನಿಂತುಬಿಟ್ಟೆ. ನೋವಲ್ಲ, ಸುಖ. ತಿಂಗಳುಗಳ ಮೇಲೆ ಕಾಲು ಸ್ವಲ್ಪ ಮಡಚಿತ್ತು.

ಮಾರ್ಚ್ 19, ಬುಧವಾರ

ದಿನಾ ಇಳಿಯುತ್ತಿದ್ದಾರೆ. ಇವತ್ತು ಕೋಲನ್ನು ಅಡುಗೆಮನೆಯಲ್ಲಿ ಮರೆತು ಹಾಲ್‌ಗೆ ಬಂದುಬಿಟ್ಟಿದ್ದರು. ತಮಗೇ ಗೊತ್ತಾಗಲಿಲ್ಲ. ಇವಳ ಕಣ್ಣು ಒದ್ದೆ. "ನೋಡಿದ್ರಾ?" ಎಂದಳು. ನೋಡಿದೆ. ಸಂತೋಷವೇ.

ಆದರೂ ಮುಚ್ಚಳ ತೆಗೆಯುವಾಗೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಬೆಚ್ಚಗಿನ ನೀರು ನಿಶ್ಶಬ್ದವಾಗಿ ನನ್ನನ್ನೇ ನೋಡುತ್ತಿರುವ ಹಾಗೆ. ನಾನು ಇದುವರೆಗೆ ಮೊಣಕೈ ಮೀರಿ ಒಳಗೆ ಇಟ್ಟಿಲ್ಲ. "ಒಂದ್ಸಲ ನೀವೂ ಇಳೀರಿ ಅಳಿಯಂದ್ರೇ, ಬೆನ್ನುನೋವು ಹೋಗುತ್ತೆ" ಎಂದರು. ಕೆಲಸವಿದೆ ಎಂದೆ.

"ಹಗ್ಗ ಕಂಡ್ರೆ ಹಾವು ಅನ್ನೋರನ್ನ ನೋಡಿದ್ದೆ. ನೀವು ಹಗ್ಗದ ಅಂಗಡಿಗೇ ಹೋಗಲ್ಲ!"

ಮಾರ್ಚ್ 30, ಭಾನುವಾರ

ನೀರು ಬದಲಿಸುವ ದಿನ. ಖಾಲಿ ಟಬ್ಬಿನೊಳಗೆ ಬಗ್ಗಿ ಒರೆಸುತ್ತಿದ್ದೆ. ಒಳಗೋಡೆಯಲ್ಲಿ ಪಂಪಿಗೆ ನೀರು ಹೀರುವ ಬಾಯಿ ಎರಡಿವೆ, ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಜಾಲರಿ. ಮೇಲಿನದರಲ್ಲಿ, ಒರಗಿ ಕೂರುವವರ ಕತ್ತಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ, ಬೆರಳಿಗೆ ಏನೋ ತಾಗಿತು. ಕಣ್ಣಿಗೆ ಕಾಣಲಿಲ್ಲ. ಟಾರ್ಚ್ ಹಿಡಿದೆ. ಕೂದಲೆಳೆಯಷ್ಟು ಬಿರುಕು. ಕೆಳಗಿನ ಬಾಯಿಗೆ ಕೈ ಒಡ್ಡಿ ನೋಡೋಣವೆಂದರೆ ನೀರಿಲ್ಲ, ಆದರೆ ಟಾರ್ಚಿನ ಬೆಳಕಲ್ಲಿ ಒಳಗೆ ಕೈ ಹೋಗದ ಕಡೆ ಕಸ ತುಂಬಿ ಅರ್ಧ ಮುಚ್ಚಿಹೋಗಿರುವುದು ಕಂಡಿತು. ಅಂದರೆ ಇಷ್ಟು ದಿನ ಪಂಪಿನ ಎಳೆತ ಬಹುಪಾಲು ಆ ಬಿರುಕುಬಿಟ್ಟ ಜಾಲರಿಯ ಮೇಲೇ.

ಕೈ ಹಿಂದಕ್ಕೆ ಎಳೆದುಕೊಂಡೆ.

ಆ ಬಾಯಿಗೆ ಚರ್ಮ ಅಂಟಿದರೆ, ಕೂದಲು ಸಿಕ್ಕಿದರೆ, ಗಟ್ಟಿಮುಟ್ಟಾದ ಗಂಡಸಿಗೂ ಬಿಡಿಸಿಕೊಳ್ಳಲಾಗದು. ಮುಚ್ಚಳ ಹಾಕಿ ಬೀಗ ಹಾಕಿದೆ. ಕೀಲಿ ಜೇಬಿನಲ್ಲಿ. ಹೊಸ ಜಾಲರಿಗೆ ಆರ್ಡರ್ ಕೊಟ್ಟೆ.

ಏಪ್ರಿಲ್ 11, ಶುಕ್ರವಾರ

ಜಾಲರಿ ಬಂತು. ಅಳತೆ ತಪ್ಪು. ಈ ಮಾಡೆಲ್ ನಿಂತುಹೋಗಿದೆ, ಪೂರ್ತಿ ಫಿಟ್ಟಿಂಗೇ ಬದಲಿಸಬೇಕು, ಸಮಯ ಬೇಕು ಎಂದ ಟಬ್ ರಿಪೇರಿಯವನು.

ಅತ್ತೆಯ ಕಾಲು ಮತ್ತೆ ಬಿಗಿಯುತ್ತಿದೆ. ಕೋಲು ವಾಪಸ್ಸು ಬಂದಿದೆ. ನಿನ್ನೆ ಹಾಸಿಗೆಯಿಂದ ಏಳಲಾಗದೆ ನರಳುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು. ಅದೇ ಹೆಚ್ಚು ಚುಚ್ಚಿತು.

ಇವಳು ಸಿಡಿದಳು. "ಒಂದು ಪ್ಲಾಸ್ಟಿಕ್ ಚೂರಿಗೆ ಅಮ್ಮನ ಕಾಲು ಬಲಿ ಕೊಡ್ತೀರಾ? ಮೊದಲಿಂದ್ಲೂ ನಿಮಗೆ ಇದು ಬೇಡವಾಗಿತ್ತು. ಈಗ ನೆಪ ಸಿಕ್ತು."

"ನೆಪ ಅಲ್ಲ ಕಣೇ. ಬಿರುಕು."

"ನಿಮಗೆ ಎಲ್ಲಾದ್ರಲ್ಲೂ ಬಿರುಕೇ ಕಾಣುತ್ತೆ."

ಏಪ್ರಿಲ್ 13, ಭಾನುವಾರ

ಸೋತೆ. ಒಂದು ಷರತ್ತು: ಮೊದಲೇ ಬಿಸಿ ಮಾಡಿಟ್ಟುಕೊಳ್ಳುವುದು, ಅವರು ಇಳಿಯುವ ಮುಂಚೆ ಗೋಡೆಯ ಮೇನ್ ಸ್ವಿಚ್ ಆಫ್. ಪಂಪೇ ಓಡದಿದ್ದರೆ ಜಾಲರಿ ಏನು ಮಾಡೀತು? ಬರೀ ಬಿಸಿನೀರಿನ ತೊಟ್ಟಿ. ಇವಳೂ ಒಪ್ಪಿದಳು.

ಇವತ್ತು ಹಾಗೇ ಆಯಿತು. ಏನೂ ಆಗಲಿಲ್ಲ. ಅತ್ತೆ ಮಾತ್ರ, "ಗುಳುಗುಳು ಇಲ್ದೆ ಸಪ್ಪೆ" ಎಂದರು.

ಏಪ್ರಿಲ್ 21, ಸೋಮವಾರ. ಬೆಳಿಗ್ಗೆ, ಆಸ್ಪತ್ರೆ ಕಾರಿಡಾರು

ಬಲಗೈಗೆ ಹೊಲಿಗೆ. ಎರಡು ಬೆರಳಲ್ಲಿ ಪೆನ್ನು ಹಿಡಿದಿದ್ದೇನೆ. ಬರೆಯದಿದ್ದರೆ ಮತ್ತೆ ಮತ್ತೆ ಅದೇ ಕಾಣುತ್ತದೆ. ಬರೆದರೂ ಕಾಣುತ್ತದೆ.

ನಿನ್ನೆ ಮಧ್ಯಾಹ್ನ. ಅತ್ತೆ ನೀರಲ್ಲಿ. ಟೋಪಿ ತಲೆ ಹಿಂಡುತ್ತದೆಂದು ತೆಗೆದಿದ್ದರು, ಪಂಪ್ ಆಫ್ ಇದ್ದದ್ದರಿಂದ ನಾನೂ ತಕರಾರು ಮಾಡಲಿಲ್ಲ. ನಾನು ಗೋಡೆ ನೋಡಿಕೊಂಡು ಕುರ್ಚಿಯಲ್ಲಿ. ಫೋನ್ ಬಂತು. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಒಬ್ಬ ಸಿಕ್ಕಿಕೊಂಡಿದ್ದಾನೆ, ಫೋನ್ ಮಾಡಿದ್ದೂ ಅವನೇ, ಉಸಿರು ಕಟ್ಟುತ್ತಿದೆ ಎಂದು ಅಳುತ್ತಿದ್ದ. ವಿಳಾಸ ಬರೆದುಕೊಳ್ಳಲು ಅಡುಗೆಮನೆಗೆ ಬಂದೆ. ಇವಳು ಟಬ್ಬಿನ ಹತ್ತಿರ ಇದ್ದಳಲ್ಲ.

ನಾನು ಒಳಗೆ ಬಂದ ಮೇಲೆ ಅತ್ತೆ, "ನೀರು ಆರ್ತಿದೆ ಕಣೇ, ಸ್ವಲ್ಪ ಬಿಸಿ ಮಾಡು" ಎಂದರಂತೆ. ಇವಳು ಸ್ವಿಚ್ ಹಾಕಿದಳು. ಬರೀ ಹೀಟರಿಗೆ ಎಂದುಕೊಂಡು. ಹಾಕಿ, ಟವಲ್ ತರಲು ರೂಮಿಗೆ ಹೋದಳು. ಅತ್ತೆಗೆ ಗುಳುಗುಳು ನೆನಪಾಯಿತು. ಟಬ್ಬಿನ ಅಂಚಿನಲ್ಲಿದ್ದ ಜೆಟ್ ಗುಂಡಿ ಒತ್ತಿದರು.

ನಾನು ಆ ಮನುಷ್ಯನಿಗೆ, "ಗಾಳಿ ಆಡುತ್ತೆ ಸಾರ್, ಭಯಪಡಬೇಡಿ, ಕೂತ್ಕೊಳ್ಳಿ" ಎನ್ನುತ್ತಿದ್ದೆ. ಮೋಟಾರ್ ಶುರುವಾದ ಸದ್ದು ಕೇಳಿತು. ಮರುಕ್ಷಣ ಆ ಸದ್ದು ಬದಲಾಯಿತು. ಏನೋ ಸಿಕ್ಕಿಕೊಂಡು ಲೋಡ್ ಬಿದ್ದ ಮೋಟಾರಿನ ಗೊರಗೊರ— ಅದನ್ನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಓಡಿದೆ. ಬಾಗಿಲಿಂದ ಕಂಡದ್ದು— ಅತ್ತೆಯ ಗದ್ದ ಆಕಾಶಕ್ಕೆ. ತಲೆ ಹಿಂದಕ್ಕೆ ಎಳೆದುಹೋಗಿದೆ. ಬಾಯಿ ನೀರಿನ ಮೇಲೆ ಬಂದು ಮುಳುಗುತ್ತಿದೆ. ಎರಡು ಕೈ ಗಾಳಿಯಲ್ಲಿ. ಕಣ್ಣು ನನ್ನನ್ನು ನೋಡಿತು.

ಟಬ್ ಎಡಕ್ಕೆ. ಸ್ವಿಚ್ ಬಲಕ್ಕೆ, ವರಾಂಡದ ಆ ತುದಿಯಲ್ಲಿ. ಟಬ್ಬಿನಿಂದ ಕೈಗೆ ಎಟುಕಬಾರದೆಂದು ನಾನೇ ದೂರ ಹಾಕಿಸಿದ್ದು. ಬಲಕ್ಕೆ ಓಡಿದೆ. ಮುಳುಗುತ್ತಿರುವವರಿಗೆ ಬೆನ್ನು ಹಾಕಿ. ಹಿಂದಿನಿಂದ ಇವಳ ಕಿರುಚಾಟ— "ರೀ, ಎಲ್ಲಿಗ್ ಓಡ್ತೀರಾ! ಅಮ್ಮ ಅಲ್ಲಿ!"

ಸ್ವಿಚ್ ಕೆಡವಿದೆ. ಸದ್ದು ನಿಂತಿತು. ಹಾರಿ ನೀರಿಗೆ ಬಿದ್ದೆ. ಇವಳು ತಲೆ ಎತ್ತಲು ಎಳೆಯುತ್ತಿದ್ದಾಳೆ, ತಲೆ ಬರುತ್ತಿಲ್ಲ. ಎಳೆತ ನಿಂತರೂ ಕೂದಲು ಬಿರುಕಿನೊಳಗೆ ಹೆಣೆದುಕೊಂಡುಬಿಟ್ಟಿತ್ತು. ಅತ್ತೆಯ ಮುಖ ಪೂರ್ತಿ ನೀರಿನಡಿ. ತಲೆ ಮುಳುಗಿಸಿ ಕೈ ಹಾಕಿದೆ. ಕೂದಲು ಬಿಡಿಸಲು ಸಾಧ್ಯವೇ ಇರಲಿಲ್ಲ. ಜಾಲರಿಯ ಬಿರುಕಿಗೇ ಬೆರಳು ತುರುಕಿ, ಗೋಡೆಗೆ ಕಾಲು ಕೊಟ್ಟು ಎಳೆದೆ. ಮುರಿಯಿತು. ಅರ್ಧ ಜಾಲರಿ ಕೂದಲಿನ ಜೊತೆಗೇ ಕಿತ್ತು ಬಂತು.

ಮೇಲೆತ್ತಿದಾಗ ಮೈಯಲ್ಲಿ ಚಲನೆ ಇರಲಿಲ್ಲ. ಇವಳು ಬೋರಲು ಮಾಡಿ, ಆಮೇಲೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಊದಿದಳು. ಎಷ್ಟು ಹೊತ್ತೋ. ನೀರು ಕಕ್ಕಿದರು. ಕೆಮ್ಮಿದರು. ಕೂದಲಿಗೆ ಆ ಪ್ಲಾಸ್ಟಿಕ್ ಚೂರು ಇನ್ನೂ ನೇತಾಡುತ್ತಿತ್ತು. ನೆಲವೆಲ್ಲ ಕೆಂಪು. ಅದು ನನ್ನ ಕೈಯದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅದೇ ದಿನ, ಮಧ್ಯಾಹ್ನ

ಪರವಾಗಿಲ್ಲ ಎಂದರು ಡಾಕ್ಟರು. ಎದೆಯಲ್ಲಿ ನೀರಿದೆ, ಇನ್ನೆರಡು ದಿನ ಇಲ್ಲೇ.

ಗೊತ್ತಿಲ್ಲದ ನಂಬರಿನಿಂದ ಫೋನ್. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದವನು. ನಾನು ಫೋನ್ ಎಸೆದು ಓಡಿದ್ದು, ಇವಳು ಕಿರುಚಿದ್ದು ಎಲ್ಲ ಅವನಿಗೆ ಕೇಳಿಸಿತ್ತಂತೆ. ಆಮೇಲೆ ಆಫೀಸಿನ ಬೇರೆ ಯಾರೋ ಹೋಗಿ ಬಾಗಿಲು ತೆಗೆದಿದ್ದಾರೆ.

"ನಿಮ್ಮ ಮನೇಲಿ ಅಮ್ಮಾವ್ರು ಹೇಗಿದ್ದಾರೆ?" ಎಂದ. ಬದುಕಿದ್ದಾರೆ ಎಂದೆ. ಆ ಕಡೆ ಅವನು ಅತ್ತ. ಈ ಕಡೆ ನಾನು. ಇಬ್ಬರಿಗೂ ಪರಸ್ಪರರ ಹೆಸರು ಗೊತ್ತಿಲ್ಲ.

ಮೇ 2, ಶುಕ್ರವಾರ

ಮನೆಗೆ ಬಂದು ಹತ್ತು ದಿನವಾಗುತ್ತಾ ಬಂತು. ಅತ್ತೆ ಮಾತು ಬಿಟ್ಟಿದ್ದಾರೆ. ಬೇಕು, ಬೇಡ, ಸಾಕು— ಅಷ್ಟೇ. ನನ್ನ ಜೊತೆ ಅಷ್ಟೂ ಇಲ್ಲ. ನಾನು ರೂಮಿಗೆ ಹೋದರೆ ಗೋಡೆಯ ಕಡೆ ತಿರುಗುತ್ತಾರೆ. ಸ್ನಾನ ಮಾಡುವುದಿಲ್ಲ. ಇವಳು ಒದ್ದೆಬಟ್ಟೆಯಲ್ಲಿ ಮೈ ಒರೆಸುತ್ತಾಳೆ. ನಿನ್ನೆ ತಲೆಗೆ ಒಂದು ಚೊಂಬು ನೀರು ಹಾಕಲು ಹೋದಾಗ ಇವಳ ಕೈ ಕಚ್ಚಿದ್ದಾರೆ. ಹಲ್ಲಿನ ಗುರುತು ತೋರಿಸುತ್ತಾ ಇವಳು ಅತ್ತಳು. ಜಾಲರಿ ಬಿಡಿಸಲು ಆಸ್ಪತ್ರೆಯಲ್ಲಿ ಕೂದಲು ಕತ್ತರಿಸಿದ್ದರು. ಬೋಳುಬೋಳಾಗಿ, ಯಾರೋ ಗುರುತಿಲ್ಲದ ಹೆಂಗಸಿನ ಹಾಗೆ ಕಾಣುತ್ತಾರೆ.

ಕಾಲು ಕೊರಡು. ಹೀಗೇ ಬಿಟ್ಟರೆ ಇನ್ನೊಂದು ಆಪರೇಷನ್ನೇ ಗತಿ, ಈ ಎದೆ ಇಟ್ಟುಕೊಂಡು ಅದು ಆಗುವ ಮಾತಲ್ಲ ಎಂದಿದ್ದಾರೆ ಡಾಕ್ಟರು.

ಇವಳು ಗುಜರಿಯವನಿಗೆ ಫೋನ್ ಮಾಡಿದ್ದಾಳೆ. ಟಬ್ ಒಯ್ಯಲು ನಾಳೆ ಬರುತ್ತಾನೆ. "ಸ್ವಿಚ್ ಹಾಕಿದ್ದು ನಾನು" ಎಂದು ಆಗಾಗ ಹೇಳುತ್ತಾಳೆ. ನಾನು ಪಕ್ಕದಲ್ಲಿ ಕೂರುತ್ತೇನೆ.

ಮೇ 3, ಶನಿವಾರ

ಗುಜರಿಯವನು ಬರುವ ಮುಂಚೆ ಅತ್ತೆಗೆ ಹಾಲು ಕೊಡಲು ಹೋದೆ. ಲೋಟ ತೆಗೆದುಕೊಳ್ಳಲಿಲ್ಲ. ಗೋಡೆಗೇ ಹೇಳಿದರು:

"ನೀವು ಓಡಿಹೋದ್ರಿ."

ಲೋಟ ಕೆಳಗಿಟ್ಟೆ.

"ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ತಿರುಗಿ ಓಡಿಹೋದ್ರಿ. ಆಮೇಲೆ ಎತ್ತಿದ್ದು ನೀವೇ ಅಂತ ಮಗಳು ಹೇಳ್ತಾಳೆ. ಇರಬಹುದು. ನನಗೆ ಗೊತ್ತಿರೋದು ಅದೊಂದೇ."

"ಸ್ವಿಚ್ ಆ ಕಡೆ ಇತ್ತು ಅತ್ತೆ. ಮೋಟಾರ್ ಓಡ್ತಾ ಇದ್ರೆ ಯಾರು ಎಳೆದ್ರೂ ನೀವು ಬರ್ತಿರಲಿಲ್ಲ. ಇನ್ನಷ್ಟು ಒಳಗೆ ಎಳೀತಿತ್ತು."

ಗೋಡೆಯಿಂದ ಈ ಕಡೆ ತಿರುಗಿದರು. ಆಮೇಲೆ, "ತೋರಿಸಿ" ಎಂದರು.

ಇವಳೂ ನಾನೂ ಹಿಡಿದುಕೊಂಡು ವರಾಂಡಕ್ಕೆ ಕರೆತಂದೆವು. ಟಬ್ಬಿನ ಹತ್ತಿರ ಬರಲೊಲ್ಲರು. ಬಾಗಿಲಲ್ಲೇ ಕುರ್ಚಿ ಹಾಕಿದೆವು. ನಾನು ಅಡುಗೆಮನೆಯಿಂದ ಓಡಿಬಂದೆ, ಬಲಕ್ಕೆ ಹೋಗಿ ಸ್ವಿಚ್ ಮುಟ್ಟಿದೆ, ತಿರುಗಿ ಟಬ್ಬಿಗೆ ಬಂದೆ. ನಾಟಕದವನ ಹಾಗೆ.

"ಇನ್ನೊಂದ್ಸಲ."

ಮತ್ತೆ ಓಡಿದೆ.

"ಇಷ್ಟೇನಾ ದೂರ?"

"ಇಷ್ಟೇ ಅತ್ತೆ."

"ನನಗೆ ಊರಾಚೆ ಹೋದ ಹಾಗಿತ್ತು" ಎಂದು ಮುಖ ಮುಚ್ಚಿಕೊಂಡರು. ಆ ದಿನದಿಂದ ಮೊದಲ ಸಲ ಅತ್ತರು. ಇವಳು ಅಪ್ಪಿಕೊಂಡು ಕೂತಳು.

ಗುಜರಿಯವನು ಗೇಟಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದ. ಎದ್ದೆ. ಅತ್ತೆ ಮೂಗು ಒರೆಸಿಕೊಂಡರು.

"ಕಾಲು ಬೇಕಲ್ಲ" ಎಂದರು. "ಅವನನ್ನ ವಾಪಸ್ ಕಳಿಸಿ."

ಮೇ 17, ಶನಿವಾರ

ಎರಡೂ ಬಾಯಿಗೆ ಹೊಸ ಫಿಟ್ಟಿಂಗ್, ಉಬ್ಬಿದ ಅಗಲ ಜಾಲರಿ. ಏನಾದರೂ ಅಂಟಿದರೆ ತಾನೇ ನಿಲ್ಲುವ ಪಂಪು. ಟಬ್ಬಿನ ಪಕ್ಕದ ಕಂಬಕ್ಕೆ ಕೆಂಪು ಸ್ಟಾಪ್ ಗುಂಡಿ, ಕರೆಂಟಿಲ್ಲದೆ ಗಾಳಿಯ ಒತ್ತಡದಲ್ಲೇ ಕೆಲಸ ಮಾಡುವಂಥದ್ದು. ರಿಪೇರಿಯವನು, "ಇನ್ನು ಏನೂ ಆಗಲ್ಲ, ನಿಶ್ಚಿಂತೆಯಿಂದಿರಿ" ಎಂದ. ಆ ಮಾತು ಕೇಳಿದರೇ ನನಗೆ ಭಯ.

ಅವನು ಹೋದ ಮೇಲೆ ಉಣ್ಣೆ ದಾರದ ಗೊಂಚಲು ಮಾಡಿ ಜಾಲರಿಯ ಹತ್ತಿರ ಬಿಟ್ಟು ಜೆಟ್ ಓಡಿಸಿದೆ. ಸೋಕಿತು, ಬಿಟ್ಟಿತು. ಅಗಲ ಬಟ್ಟೆ ಒತ್ತಿದೆ. ಪಂಪ್ ನಿಂತಿತು. ಮತ್ತೆ ಮಾಡಿದೆ. ಬಾಗಿಲಲ್ಲಿ ಕೂತು ಅತ್ತೆ ಎಲ್ಲ ನೋಡುತ್ತಿದ್ದರು. "ಇನ್ನೊಂದ್ಸಲ" ಎಂದು ಹೇಳುತ್ತಲೇ ಇದ್ದರು. ನಾನೂ ಬೇಡ ಎನ್ನಲಿಲ್ಲ.

ಮೇ 24, ಶನಿವಾರ

ನಿಂತ ನೀರು. ಪಂಪ್ ಆಫ್. ಇವಳು, "ನಾನು ಜೊತೆಗೆ ಇಳೀತೀನಿ ಅಮ್ಮಾ, ಏನೂ ಆಗಲ್ಲ, ಹೆದರಬೇಡ" ಎಂದಳು.

"ನೀನು ಬೇಡ. ಅವರು ಇಳೀಲಿ."

"ಅಳಿಯ ಇದ್ರೆ ನಾಚಿಕೆ ಅಂತಿದ್ದೆ?"

"ನಾಚಿಕೆ ಆ ನೀರಲ್ಲೇ ಹೋಯ್ತು. ಹೆದರದೆ ಇರೋರ ಜೊತೆ ನಾನು ಇಳಿಯಲ್ಲ."

ಇಳಿದೆ. ಆವತ್ತು ಬಿದ್ದದ್ದನ್ನು ಬಿಟ್ಟರೆ ಮೊದಲ ಸಲ. ಬೆಚ್ಚಗಿನ ನೀರು ಸೊಂಟಕ್ಕೆ ಬಂದಾಗ ಹಲ್ಲು ಕಟಕಟ ಅಂದಿತು. ಅತ್ತೆ ಒಂದು ಕಾಲಿಟ್ಟರು, ತೆಗೆದರು. ಇಟ್ಟರು, ತೆಗೆದರು. ಕೊನೆಗೆ ನನ್ನ ಮಣಿಕಟ್ಟು ಹಿಡಿದು ಕೂತರು. ಉಗುರು ಹೊಲಿಗೆಯ ಗಾಯಕ್ಕೆ ಒತ್ತುತ್ತಿತ್ತು. ಕೈ ಕದಲಿಸಲಿಲ್ಲ.

"ನಿಮ್ಮ ಕೈ ನಡುಗ್ತಿದೆ."

"ನಿಮ್ಮದೂ ಅತ್ತೆ."

ಕಾಲು ಸ್ವಲ್ಪ ಮಡಚಿತು. ತೀರಾ ಸ್ವಲ್ಪ.

ಜೂನ್ 8, ಭಾನುವಾರ

ದಿನಾ ನಿಂತ ನೀರಲ್ಲೇ. ಮೊಣಕಾಲು ಸಡಿಲವಾಗಿದೆ. ಬೆಳಿಗ್ಗೆ ಗೋಡೆ ಹಿಡಿದು ಗೇಟಿನ ತನಕ ಹೋಗಿ ಬಂದರು. ಬಂದವರೇ, ಇವತ್ತು ಜೆಟ್ ಬೇಕು ಎಂದರು. ಗುಂಡಿ ತಾವೇ ಒತ್ತುತ್ತಾರಂತೆ. ಬೇರೆ ಯಾರೂ ಒತ್ತಬಾರದಂತೆ.

ಬೇಡ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

ಸಂಜೆ. ಶಾಖ ನೋಡಿದೆ, ಬಣ್ಣ ನೋಡಿದೆ, ಜಾಲರಿಯ ಸುತ್ತ ಬೆರಳಾಡಿಸಿದೆ. ಮತ್ತೊಮ್ಮೆ ಆಡಿಸಿದೆ. ಬಿರುಕಿಲ್ಲ. ಬೆರಳಿಗೆ ನಂಬಿಕೆ ಬರುತ್ತಿಲ್ಲ. ಇವಳು ಮೇನ್ ಸ್ವಿಚ್ಚಿನ ಪಕ್ಕ ನಿಂತಿದ್ದಾಳೆ, ಕೈ ಅದರ ಮೇಲೇ. ಅತ್ತೆ ಟೋಪಿ ಹಾಕಿಕೊಂಡಾಯಿತು— ಸಿಕ್ಕಿಕೊಳ್ಳುವಷ್ಟು ಕೂದಲೇ ಇಲ್ಲ, ಆದರೂ. ಮೆಟ್ಟಿಲ ಮೇಲೆ ಒಂದು ಕೈ ಚಾಚಿ ಕೂತಿದ್ದಾರೆ. ನನಗಾಗಿ.

"ಮುನ್ನೆಚ್ಚರಿಕೆಯವರೇ, ಏನದು ಬರೆಯೋದು? ಬನ್ನಿ. ನನ್ನ ಧೈರ್ಯ ಆರಿಹೋಗುತ್ತೆ."

ಬಂದೆ ಎಂದೆ. ಎದ್ದೆ. ಈಗ ಅವರ ಬೆರಳು ಗುಂಡಿಯ ಮೇಲಿದೆ, ನಾನಿನ್ನೂ ನೀರಿಗೆ ಇಳಿದಿಲ್ಲ. ಪೆನ್ನು ಇಟ್ಟು ಇಳಿಯುತ್ತೇನೆ.